ಸಿಂಗಲ್ ಬಾರ್, ಡಬಲ್ ಬಾರ್ ಎಲ್ಲಿಂದ ಬಂತು?

ಕಳೆದ ತಿಂಗಳ ಎರಡನೇ ಭಾನುವಾರ, ಪೂಜೆ ಮುಗಿದ ಮೇಲೆ, ನಮ್ಮ ಯುವ ಸಂಘದ ಸಭೆಯಲ್ಲಿ ಒಂದು ಮನವಿ ಪತ್ರ ಓದಿದೆವು. ಚರ್ಚಿನ ಹತ್ತಿರದ ಕನ್ನಡ ಮಾಧ್ಯಮ ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಒಂದು ಓಪನ್ ಜಿಮ್ ಹಾಕಿಸಿಕೊಡಿ ಎಂದು ಕೇಳುವ ಪತ್ರ. ಬರೆದವನು ನಾನೇ. ಹನ್ನೆರಡು ಉಪಕರಣಗಳ ಪಟ್ಟಿಯನ್ನು ಒಂದು ಕ್ಯಾಟಲಾಗಿನಿಂದ ಇಳಿಸಿಕೊಂಡು, ಹೆಸರುಗಳನ್ನು ಕನ್ನಡಕ್ಕೆ ತಂದು, ಅಂದವಾಗಿ ಟೈಪ್ ಮಾಡಿಸಿದ್ದೆ. ಸಹಿ ಹಾಕುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬಳು ತಂಗಿ ಕೇಳಿದಳು: "ಅಣ್ಣಾ, ಪೇಟೆಯ ಪಾರ್ಕಿನಲ್ಲಿ ಹಾಕಿದ್ದು ಈಗ ಹೇಗುಂಟು, ನೋಡಿದ್ದೀರಾ?"

ನೋಡಿದ್ದೆ. ನೀವೂ ನೋಡಿರುತ್ತೀರಿ. ಕಡಲ ಗಾಳಿಗೆ ಬುಡದಿಂದ ತುಕ್ಕು ಹತ್ತಿದೆ. ಭುಜ ತಿರುಗಿಸುವ ಚಕ್ರದ ಬೇರಿಂಗ್ ಹಿಡಿದುಕೊಂಡಿದೆ. ನಾನು ಹೋದ ದಿನ ಕಾಲಾಡಿಸುವ ಯಂತ್ರದ ಮೇಲೆ ಯಾರೋ ಒಗೆದ ಬಟ್ಟೆ ಹರವಿದ್ದರು. ಹಾಕಿಸಿ ಮೂರು ಮಳೆಗಾಲವೂ ಆಗಿರಲಿಕ್ಕಿಲ್ಲ. ಸಹಿ ಸಂಗ್ರಹ ಅಲ್ಲಿಗೇ ನಿಂತಿತು. "ಮೊದಲು ಇದು ಎಲ್ಲಿಯಾದರೂ ಸರಿಯಾಗಿ ನಡೆದದ್ದು ಉಂಟಾ ಅಂತ ನೋಡುವ" ಎಂದು ತೀರ್ಮಾನವಾಗಿ, ಆ ಕೆಲಸ ನನ್ನ ತಲೆಗೆ ಬಂತು. ನಾನು ಓದಿದ್ದು ಬಿಎಸ್ಸಿ, ಚರಿತ್ರೆ ನನ್ನ ವಿಷಯವಲ್ಲ. ಆದರೂ ಈ ಒಂದು ತಿಂಗಳಲ್ಲಿ ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ, ಏಕೆಂದರೆ ಆ ಪತ್ರವನ್ನು ಈಗ ಬೇರೆ ರೀತಿ ಬರೆಯಬೇಕಾಗಿದೆ.

ವಿದ್ಯಾರ್ಥಿಗಳಿಗಾಗಿ ಬಯಲಿನಲ್ಲಿ ವ್ಯಾಯಾಮದ ಉಪಕರಣ ನೆಡುವ ಅಭ್ಯಾಸದ ಜಾಡು ಹಿಡಿದು ಹೊರಟರೆ ಜರ್ಮನಿಗೆ ಹೋಗಿ ಮುಟ್ಟುತ್ತೇವೆ. 1784ರಲ್ಲಿ ಸಾಲ್ಟ್ಸ್‌ಮನ್ ಎಂಬ ಪಾದ್ರಿಯೊಬ್ಬರು ಶ್ನೆಪ್‌ಫೆಂಟಾಲ್ ಎಂಬ ಹಳ್ಳಿಯಲ್ಲಿ ಒಂದು ಶಾಲೆ ತೆರೆದರು. ಮರುವರ್ಷ ಅಲ್ಲಿಗೆ ಮೇಷ್ಟ್ರಾಗಿ ಬಂದ ಗುಟ್ಸ್‌ಮುಟ್ಸ್ ಎಂಬ ತರುಣ ಮಕ್ಕಳನ್ನು ತರಗತಿಯಿಂದ ಹೊರಗೆ ಕರೆದುಕೊಂಡು ಹೋಗಿ ಓಟ, ಜಿಗಿತ, ಏರುವುದು, ಸಮತೋಲದ ನಡಿಗೆ ಎಲ್ಲವನ್ನೂ ಪಾಠದ ಹಾಗೆ ಕಲಿಸಿದ. ಆ ಅನುಭವದಿಂದ 1793ರಲ್ಲಿ ಬಂದ ಅವನ ಪುಸ್ತಕ 'ತರುಣರಿಗೆ ಜಿಮ್ನಾಸ್ಟಿಕ್ಸ್' ಯೂರೋಪಿನ ಹಲವು ಭಾಷೆಗಳಿಗೆ ಹೋಯಿತು. ಆದರೆ ಅದು ಉಳ್ಳವರ ಮಕ್ಕಳ ವಸತಿ ಶಾಲೆ. ಊರಿನ ಬಯಲಿಗೆ, ಯಾರು ಬೇಕಾದರೂ ಬರಬಹುದಾದ ಜಾಗಕ್ಕೆ ಈ ಕೆಲಸವನ್ನು ತಂದವನು ಇನ್ನೊಬ್ಬ ಮೇಷ್ಟ್ರು, ಫ್ರೀಡ್ರಿಖ್ ಲುಡ್ವಿಗ್ ಯಾನ್.

ಯಾನ್ ಪಾದ್ರಿಯ ಮಗ, 1778ರಲ್ಲಿ ಹುಟ್ಟಿದವನು. ಅವನ ಕಾಲದ ಪ್ರಷ್ಯ ರಾಜ್ಯವನ್ನು ನೆಪೋಲಿಯನ್ 1806ರಲ್ಲಿ ಸೋಲಿಸಿ, ಎರಡು ವರ್ಷ ಬರ್ಲಿನ್ ನಗರವನ್ನೇ ಹಿಡಿದಿಟ್ಟುಕೊಂಡಿದ್ದ. ಸೋತ ಊರಿನಲ್ಲಿ ಯಾನ್ 1810ರಲ್ಲಿ ಮೇಷ್ಟ್ರಾದ. ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಶಾಲೆಗೆ ರಜೆ. ಆ ಹೊತ್ತಿಗೆ ಅವನು ಹುಡುಗರನ್ನು ಕಟ್ಟಿಕೊಂಡು ಊರಾಚೆಗೆ ನಡೆದುಬಿಡುತ್ತಿದ್ದ. ಬಯಲಿನಲ್ಲಿ ಆಟ, ಓಟ, ಮರ ಹತ್ತುವುದು. ಮೊದಲು ಇದ್ದದ್ದು ಇಷ್ಟೇ. ಗಮನಿಸಿ, ಆಗ ಒಂದೇ ಒಂದು ಉಪಕರಣವೂ ಇರಲಿಲ್ಲ.

ಹುಡುಗರು ಹೆಚ್ಚಾದರು. 1811ರಲ್ಲಿ ಹಾಸೆನ್‌ಹೈಡೆ ಎಂಬಲ್ಲಿ (ಹೆಸರಿನ ಅರ್ಥ ಮೊಲಗಳ ಬಯಲು) ಒಂದು ಜಾಗ ಗುರುತಿಸಿ ಅಲ್ಲಿ ಕಂಬ, ಏಣಿ, ಹಗ್ಗ, ಹಾರುವ ಹೊಂಡ, ನಡೆಯುವ ತೊಲೆ ಎಲ್ಲ ಮಾಡಿದರು. ಎಲ್ಲವೂ ಮರದ್ದು. ನಮ್ಮ ಕಡೆಯ ವ್ಯಾಯಾಮ ಶಾಲೆಗಳಲ್ಲಿ ಇವತ್ತಿಗೂ 'ಸಿಂಗಲ್ ಬಾರ್', 'ಡಬಲ್ ಬಾರ್' ಅನ್ನುತ್ತೇವಲ್ಲ, ಅವು ಈಗಿರುವ ರೂಪಕ್ಕೆ ಬಂದದ್ದು ಈ ಮೈದಾನದಲ್ಲಿ. ಡಬಲ್ ಬಾರ್ ಅಂತೂ ಯಾನ್‌ನದೇ ಕಲ್ಪನೆ. ಹುಡುಗರ ತೋಳಿನ ಬಲ ಬೆಳೆಸಲು ಮಾಡಿಕೊಂಡ ಸಾಧನ.

ನನಗೆ ತುಂಬ ಹಿಡಿಸಿದ್ದು ಮರದ ಕಂಬಗಳಲ್ಲ, ಆ ಮೈದಾನ ನಡೆಯುತ್ತಿದ್ದ ಕ್ರಮ. ಎಲ್ಲರಿಗೂ ಒಂದೇ ಬಗೆಯ ಬಟ್ಟೆ, ಬಿಳುಪು ಮಾಡದ ಬೂದು ಬಣ್ಣದ ನಾರುಬಟ್ಟೆಯ ಅಂಗಿ ಮತ್ತು ಚಡ್ಡಿ. ಶ್ರೀಮಂತನ ಮಗನೂ ಕಮ್ಮಾರನ ಮಗನೂ ಒಂದೇ ರೀತಿ ಕಾಣಬೇಕು. ಅವರ ಭಾಷೆಯಲ್ಲಿಯೂ ನಮ್ಮ ಹಾಗೆ ನೀನು, ನೀವು ಎಂಬ ಭೇದವಿದೆ. ಮೈದಾನಕ್ಕೆ ಕಾಲಿಟ್ಟ ಮೇಲೆ ಎಲ್ಲರೂ ಎಲ್ಲರಿಗೂ 'ನೀನು'. ಅರ್ಧ ಹೊತ್ತು ಮನಸ್ಸಿಗೆ ಬಂದದ್ದನ್ನು ಮಾಡಬಹುದು. ಉಳಿದರ್ಧ ಸಣ್ಣ ಸಣ್ಣ ಗುಂಪುಗಳಾಗಿ ಕಲಿಯಬೇಕು. ಪ್ರತಿ ಗುಂಪಿಗೂ ಮುಂದಾಳು ಒಬ್ಬ ಹಿರಿಯ ವಿದ್ಯಾರ್ಥಿ. ಮಾಡಿ ತೋರಿಸುವವನು ಅವನೇ, ಕಂಬದಿಂದ ಜಾರಿದವನನ್ನು ಹಿಡಿಯುವವನೂ ಅವನೇ. ನೂರಾರು ಹುಡುಗರನ್ನು ಒಬ್ಬ ಮೇಷ್ಟ್ರು ನೋಡಿಕೊಂಡದ್ದು ಹೀಗೆ. 1813ರಲ್ಲಿ ನೆಪೋಲಿಯನ್ ವಿರುದ್ಧ ಯುದ್ಧ ಬಂದಾಗ ಯಾನ್ ಮತ್ತು ದೊಡ್ಡ ಹುಡುಗರು ಸೈನ್ಯಕ್ಕೆ ಹೋದರು. ಆರೋಗ್ಯ ಸರಿಯಿಲ್ಲದ ಕಾರಣ ಹೋಗಲಾಗದ ಎರ್ನ್ಸ್ಟ್ ಐಸೆಲೆನ್ ಎಂಬ ತರುಣ ಹಿಂದೆ ಉಳಿದು ಚಿಕ್ಕವರನ್ನು ಸೇರಿಸಿಕೊಂಡು ಮೈದಾನವನ್ನು ನಿಲ್ಲಿಸದೆ ನಡೆಸಿದ. 1816ರಲ್ಲಿ ಯಾನ್ ಮತ್ತು ಐಸೆಲೆನ್ ಇಬ್ಬರೂ ಸೇರಿ ಇಡೀ ಕ್ರಮವನ್ನು ಪುಸ್ತಕವಾಗಿ ಬರೆದರು. ಯಾನ್‌ನ ಹೆಸರು ಎಲ್ಲ ಕಡೆ ಇದೆ. ಐಸೆಲೆನ್‌ನಂಥವರ ಹೆಸರು ಅಡಿಟಿಪ್ಪಣಿಯಲ್ಲಿ ಸಿಗುತ್ತದೆ. ನಮ್ಮ ಸಂಘದಲ್ಲಿಯೂ ಕುರ್ಚಿ ಜೋಡಿಸುವವರ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ ಎಂಬುದು ಬೇರೆ ಮಾತು.

ಇಷ್ಟು ಓದಿ ಖುಷಿಯಾಗಿ ಮುಂದಿನ ಸಭೆಯಲ್ಲಿ ಹೇಳಿದೆ. ಅದೇ ತಂಗಿ ಮತ್ತೆ ಕೇಳಿದಳು: "ಅಲ್ಲಿಗೆ ಹುಡುಗಿಯರು ಹೋಗ್ತಿದ್ರಾ ಅಣ್ಣಾ?"

ಇಲ್ಲ. ಹುಡುಗಿಯರಿಗೆ ಅಲ್ಲಿ ಜಾಗವಿರಲಿಲ್ಲ. ಹೇಳಲೇಬೇಕಾದ ಇನ್ನೊಂದು ವಿಷಯವೂ ಇದೆ. ಯಾನ್ ಹುಡುಗರನ್ನು ಗಟ್ಟಿ ಮಾಡಿದ್ದು ಬರೀ ಅವರ ಆರೋಗ್ಯಕ್ಕಾಗಿ ಅಲ್ಲ. ಜರ್ಮನ್ ಜನ ಒಂದಾಗಬೇಕು, ಪರಕೀಯರನ್ನು ಓಡಿಸಬೇಕು ಎಂಬುದು ಅವನ ಹಟ. ಆ ಹಟದ ಒಳಗೆ ಫ್ರೆಂಚರ ಮೇಲೆ, ಪೋಲಿಷರ ಮೇಲೆ, ಯಹೂದಿಗಳ ಮೇಲೆ ದ್ವೇಷವೂ ಇತ್ತು. ಅಂಗಿ ಒಂದೇ ಮಾಡಿದವನ ಮನಸ್ಸಿನಲ್ಲಿ ಆ ಅಂಗಿ ಎಲ್ಲರಿಗೂ ಅಲ್ಲ. 1817ರ ಅಕ್ಟೋಬರಿನಲ್ಲಿ ವಾರ್ಟ್‌ಬುರ್ಗ್ ಕೋಟೆಯಲ್ಲಿ ವಿದ್ಯಾರ್ಥಿಗಳ ದೊಡ್ಡ ಸಮಾವೇಶ ನಡೆಯಿತು. ಅಲ್ಲಿ ಯಾನ್‌ನ ಶಿಷ್ಯ ಮಾಸ್‌ಮನ್‌ನ ಮುಂದಾಳತ್ವದಲ್ಲಿ 'ಜರ್ಮನ್ ಅಲ್ಲದ' ಪುಸ್ತಕಗಳೆಂದು ಬೆಂಕಿಗೆ ಹಾಕಿದರು. ಅದರಲ್ಲಿ ಯಹೂದಿ ಲೇಖಕ ಜಾಉಲ್ ಆಶರ್‌ನ ಪುಸ್ತಕವೂ ಇತ್ತು. ಯಾನ್ ಅಲ್ಲಿರಲಿಲ್ಲ, ಆದರೆ ಬೆಂಕಿ ಹಚ್ಚಿದವರು ಅವನ ಮೈದಾನದಿಂದ ಬಂದವರು. ಮುಂದೆ, 1933ರಲ್ಲಿ, ಆ ಪರಂಪರೆಯ ಜರ್ಮನ್ ವ್ಯಾಯಾಮ ಒಕ್ಕೂಟವೇ ತನ್ನ ಯಹೂದಿ ಸದಸ್ಯರನ್ನು ಹೊರಗೆ ಹಾಕಿತು. ಬಾರಿನ ಮೇಲೆ ನೇತಾಡುವ ಹುಡುಗನ ಕಿವಿಯಲ್ಲಿ ಪಕ್ಕದಲ್ಲಿ ನಿಂತವನು ಏನು ಹೇಳುತ್ತಾನೆ ಎಂಬುದನ್ನು ಬಾರು ನಿರ್ಧರಿಸುವುದಿಲ್ಲ.

ಸರಕಾರಕ್ಕೆ ಹೆದರಿಕೆ ಹುಟ್ಟಿದ್ದು ಇನ್ನೊಂದು ಕಾರಣಕ್ಕೆ. ಈ ಹುಡುಗರು ರಾಜರ ಅಧಿಕಾರವನ್ನು ಪ್ರಶ್ನಿಸತೊಡಗಿದ್ದರು. 1819ರ ಮಾರ್ಚಿನಲ್ಲಿ ಕಾರ್ಲ್ ಸಾಂಡ್ ಎಂಬ ವಿದ್ಯಾರ್ಥಿ ಕೋಟ್ಸೆಬೂ ಎಂಬ ನಾಟಕಕಾರನನ್ನು ಕೊಂದ. ಅದೇ ವರ್ಷ ಯಾನ್‌ನ ಬಂಧನವಾಯಿತು. 1820ರಲ್ಲಿ ಪ್ರಷ್ಯದಲ್ಲಿ ಬಯಲು ವ್ಯಾಯಾಮಕ್ಕೇ ನಿಷೇಧ ಬಂತು. ಅದು ತೆರವಾದದ್ದು 1842ರಲ್ಲಿ. 22 ವರ್ಷ! ಡಬಲ್ ಬಾರ್ ಮಾಡಿದ್ದಕ್ಕೆ ಸರಕಾರ ಹೆದರಿದ ಇನ್ನೊಂದು ಉದಾಹರಣೆ ನನಗಂತೂ ಗೊತ್ತಿಲ್ಲ.

ಈ ನಿಷೇಧದಿಂದ ಎರಡು ಪರಿಣಾಮಗಳಾದವು. ದೇಶ ಬಿಟ್ಟು ಓಡಿದ ಶಿಷ್ಯರು ವ್ಯಾಯಾಮದ ಮೈದಾನವನ್ನೂ ಜೊತೆಗೆ ಒಯ್ದರು. 1825ರಲ್ಲಿ ಚಾರ್ಲ್ಸ್ ಬೆಕ್ ಅಮೆರಿಕದ ನಾರ್ತಾಂಪ್ಟನ್ ಎಂಬಲ್ಲಿ ರೌಂಡ್ ಹಿಲ್ ಶಾಲೆಯ ಹುಡುಗರಿಗಾಗಿ ಬಯಲಿನಲ್ಲಿ ಉಪಕರಣ ನಿಲ್ಲಿಸಿದ. ಅವನು ಅಲ್ಲಿ ಲ್ಯಾಟಿನ್ ಮೇಷ್ಟ್ರೂ ಹೌದು. ಮರುವರ್ಷ ಚಾರ್ಲ್ಸ್ ಫೋಲೆನ್ ಹಾರ್ವರ್ಡಿನಲ್ಲಿ ಅದೇ ಕೆಲಸ ಮಾಡಿದ. ಈ ಫೋಲೆನ್ ಮುಂದೆ ಅಲ್ಲಿನ ಗುಲಾಮಗಿರಿಯ ವಿರುದ್ಧ ದನಿ ಎತ್ತಿದವನು. ಅದೇ ಬಾರು, ಬೇರೆ ಮಾತು.

ಎರಡನೆಯದಾಗಿ, ಜರ್ಮನಿಯಲ್ಲಿ ವ್ಯಾಯಾಮ ಬಯಲು ಬಿಟ್ಟು ಮಾಡಿನ ಕೆಳಗೆ ಹೋಯಿತು. ನಿಷೇಧ ತೆರವಾದ ಮೇಲೂ ಶಾಲೆಗಳಿಗೆ ಹೆಚ್ಚು ಇಷ್ಟವಾದದ್ದು ಅಡೋಲ್ಫ್ ಸ್ಪೀಸ್ ಎಂಬವನ ಪದ್ಧತಿ: ಸಾಲಾಗಿ ನಿಂತು, ಮೇಷ್ಟ್ರ ಅಪ್ಪಣೆಗೆ ಎಲ್ಲರೂ ಒಟ್ಟಿಗೆ ಕೈಕಾಲು ಆಡಿಸುವುದು. ನಮ್ಮ ಶಾಲೆಯ 'ಒನ್, ಟೂ, ತ್ರೀ, ಫೋರ್' ಮಾಸ್ ಡ್ರಿಲ್ ಇದೆಯಲ್ಲ, ಅದರ ಹಳೆಯ ಅಜ್ಜಂದಿರಲ್ಲಿ ಇವನೂ ಒಬ್ಬ. ಹಾಸೆನ್‌ಹೈಡೆಯ ಸ್ವಾತಂತ್ರ್ಯ ಇದರಲ್ಲಿಲ್ಲ. ಆದರೆ ತಂಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಸ್ಪೀಸ್ ಹುಡುಗಿಯರಿಗೂ ಕಲಿಸಿದ. 1844ರಿಂದ ಕೆಲವು ವರ್ಷ ಅವನು ಕೆಲಸ ಮಾಡಿದ್ದು ಬಾಸೆಲ್‌ನಲ್ಲಿ, ನಮ್ಮ ಕರಾವಳಿಯವರಿಗೆ ಮಿಷನ್, ಹಂಚು, ನೇಯ್ಗೆಗಳಿಂದ ಗೊತ್ತಿರುವ ಅದೇ ಬಾಸೆಲ್. ಸಾಲಿನಲ್ಲಿ ನಿಲ್ಲಿಸಿದವನೇ ಬಾಗಿಲು ತೆರೆದವನೂ ಆದ. ಇದನ್ನು ಹೇಗೆ ತೂಗಬೇಕೋ ನನಗೆ ಇನ್ನೂ ಬಗೆಹರಿದಿಲ್ಲ.

ಇದೆಲ್ಲ ನಮ್ಮ ಕಡೆಗೆ ಬರುವ ಮೊದಲು ನಮ್ಮಲ್ಲಿ ವ್ಯಾಯಾಮ ಇರಲಿಲ್ಲವೆಂದು ಯಾರೂ ತಿಳಿಯಬೇಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ' ಜಟ್ಟಿಗಳ ಸಾಧನೆಯನ್ನು ವಿವರವಾಗಿ ಹೇಳುತ್ತದೆ. ಮಲ್ಲಕಂಬದ ಮೂಲವನ್ನು ಅದರಲ್ಲಿ ಬರುವ ಕಂಬದ ಸಾಧನೆಯಲ್ಲಿ ಕಾಣುವವರಿದ್ದಾರೆ. ತುಳುನಾಡಿನ ಗರಡಿ, ಕೇರಳದ ಕಳರಿ ನಮಗೆ ಹೊಸದೇನಲ್ಲ. ಆದರೆ ಇವೆಲ್ಲ ಮಾಡಿನ ಕೆಳಗಿನ, ಗುರುವಿನ ಕಣ್ಣಿನ ಕೆಳಗಿನ ಕೆಲಸ. ಶಾಲೆಗೂ ಅದಕ್ಕೂ ಸಂಬಂಧ ಇರಲಿಲ್ಲ. ಶಾಲೆಯಲ್ಲಿ ನಮ್ಮ ಬಸ್ಕಿ ಉಳಿದುಕೊಂಡದ್ದು ಶಿಕ್ಷೆಯಾಗಿ ಮಾತ್ರ!

ಬಾರುಗಳ ಪರಂಪರೆ ನಮ್ಮ ಊರಿನ ಶಾಲೆಗಳಿಗೆ ಬಂದ ದಾರಿಗಳಲ್ಲಿ ಮುಖ್ಯವಾದದ್ದೊಂದು ಮದರಾಸಿನ ಮೂಲಕ. 1844ರಲ್ಲಿ ಲಂಡನ್ನಿನಲ್ಲಿ ಬಟ್ಟೆ ಅಂಗಡಿಯ ನೌಕರರ ಕೂಟವಾಗಿ ಹುಟ್ಟಿದ ವೈ.ಎಂ.ಸಿ.ಎ. ಅಮೆರಿಕಕ್ಕೆ ಹೋದ ಮೇಲೆ ವ್ಯಾಯಾಮವನ್ನು ತನ್ನ ಮುಖ್ಯ ಕೆಲಸಗಳಲ್ಲಿ ಒಂದು ಮಾಡಿಕೊಂಡಿತು. ಬಾಸ್ಕೆಟ್‌ಬಾಲ್ 1891ರಲ್ಲಿ, ವಾಲಿಬಾಲ್ 1895ರಲ್ಲಿ ಹುಟ್ಟಿದ್ದು ಅದರ ಅಂಗಳದಲ್ಲೇ. ಅದೇ ಸಂಸ್ಥೆಯಿಂದ ಬಂದ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದರು. ಬೆರಳೆಣಿಕೆಯ ವಿದ್ಯಾರ್ಥಿಗಳಿಂದ ಶುರುವಾಗಿ ಮುಂದೆ ಸೈದಾಪೇಟೆಯ ದೊಡ್ಡ ಬಯಲಿಗೆ ಹೋದ ಆ ಸಂಸ್ಥೆ ಇವತ್ತಿಗೂ ಕಾಲೇಜಾಗಿ ನಡೆಯುತ್ತಿದೆ. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತದ ತಂಡವನ್ನು ಕರೆದೊಯ್ದ ಮ್ಯಾನೇಜರ್ ಕೂಡ ಬಕ್ ಅವರೇ. ಅವರು ಮೊದಲು ಕೈಹಾಕಿದ್ದು ಊರೂರಿಗೆ ಬಾರು ಹಂಚುವುದಕ್ಕಲ್ಲ, ಬಾರಿನ ಪಕ್ಕ ನಿಲ್ಲುವ ಮೇಷ್ಟ್ರನ್ನು ತಯಾರು ಮಾಡುವುದಕ್ಕೆ.

1956ರ ನವೆಂಬರ್ 1ರ ತನಕ ನಮ್ಮ ಕಾಸರಗೋಡು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತಲ್ಲ. ನನ್ನ ಅಜ್ಜ ತಮ್ಮ ಶಾಲೆಯ ಡ್ರಿಲ್ ಮಾಸ್ಟರನ್ನು ನೆನೆಸುವಾಗ ಹೆಸರಿಗಿಂತ ಮೊದಲು "ಸೈದಾಪೇಟೆ ಕಲಿತವರು" ಅನ್ನುತ್ತಿದ್ದರು, ವಕೀಲರ ಹೆಸರಿನ ಮುಂದೆ ಪದವಿ ಹೇಳಿದ ಹಾಗೆ. ಆ ಶಾಲೆಯ ಮೈದಾನದಲ್ಲಿದ್ದದ್ದು ಒಂದು ಡಬಲ್ ಬಾರ್, ಒಂದು ಸಿಂಗಲ್ ಬಾರ್, ಹಾರಲು ಮರಳಿನ ಹೊಂಡ. ಮಾಸ್ಟರು ನಿವೃತ್ತರಾದ ಮೇಲೆ ಹೊಂಡದಲ್ಲಿ ನಾಯಿ ಮಲಗುತ್ತಿತ್ತಂತೆ.

ಇನ್ನು ನಾವು ಇಂದು ಪಾರ್ಕುಗಳಲ್ಲಿ ಕಾಣುವ ವ್ಯವಸ್ಥೆಗೆ ಬರುವ. ವ್ಯಾಯಾಮವನ್ನು ಮಾಡಿನ ಕೆಳಗಿಂದ ಮತ್ತೆ ಹೊರಗೆ ತಂದ ಒಂದು ಒಳ್ಳೆಯ ಪ್ರಯತ್ನ ಸ್ವಿಟ್ಜರ್ಲೆಂಡಿನದು. ಜ್ಯೂರಿಕ್ ನಗರದ ಒಂದು ವ್ಯಾಯಾಮ ಸಂಘದ ಗಂಡಸರು ಪಕ್ಕದ ಕಾಡಿಗೆ ಹೋಗಿ, ಬಿದ್ದ ಮರದ ದಿಮ್ಮಿ ಕೊಂಬೆಗಳನ್ನೇ ಬಳಸಿ ವ್ಯಾಯಾಮ ಮಾಡುತ್ತಿದ್ದರು. ಅದೇ ಅಭ್ಯಾಸಕ್ಕೆ ಒಂದು ಖಾಯಂ ದಾರಿ ಮಾಡಿದರೆ ಹೇಗೆ ಎಂಬ ಯೋಚನೆ ಹುಟ್ಟಿ, ವೀಟಾ ಎಂಬ ವಿಮಾ ಕಂಪನಿಯ ಹಣದಿಂದ 1968ರಲ್ಲಿ ಮೊದಲ 'ವೀಟಾ ಪಾರ್ಕೂರ್' ತೆರೆಯಿತು. ಕಾಡಿನ ದಾರಿಯಲ್ಲಿ ಓಡುತ್ತಾ ಹೋಗಬೇಕು. ಅಲ್ಲಲ್ಲಿ ಒಂದು ಫಲಕ, ಚಿತ್ರದಲ್ಲಿ ಏನು ಮಾಡಬೇಕು, ಎಷ್ಟು ಸಲ ಎಂಬ ಸೂಚನೆ. ಕೆಲವು ಕಡೆ ಉಂಗುರ, ಅಡ್ಡ ಬಾರು, ತೊಲೆ. ಕೆಲವು ಕಡೆ ಏನೂ ಇಲ್ಲ, ಬರೀ ಬಗ್ಗಿ ಏಳುವುದು. ಈಗ ಆ ಸಣ್ಣ ದೇಶದಲ್ಲಿ ಇಂಥವು ಸುಮಾರು 500 ಇವೆ. ಅಲ್ಲಿ ಮೇಷ್ಟ್ರಿಲ್ಲ, ನಿಜ. ಆದರೆ ಆ ದಾರಿ ಹುಟ್ಟಿದ್ದು ಅದಾಗಲೇ ವಾರವಾರವೂ ಕಾಡಿಗೆ ಹೋಗುತ್ತಿದ್ದವರ ಕಾಲಡಿಯಲ್ಲಿ.

ಪಾರ್ಕಿನಲ್ಲಿ ಕಬ್ಬಿಣದ ಯಂತ್ರಗಳನ್ನು ಸಾಲಾಗಿ ನೆಡುವ ರೂಢಿ ಭಾರೀ ಪ್ರಮಾಣದಲ್ಲಿ ಬೆಳೆದದ್ದು ಚೀನಾದಲ್ಲಿ. 1995ರಲ್ಲಿ ಅಲ್ಲಿನ ಸರಕಾರ ರಾಷ್ಟ್ರೀಯ ವ್ಯಾಯಾಮ ಕಾರ್ಯಕ್ರಮ ಘೋಷಿಸಿತು, ಕ್ರೀಡಾ ಲಾಟರಿಯ ಹಣದಲ್ಲಿ ವಸತಿ ಪ್ರದೇಶಗಳಲ್ಲಿ ಉಪಕರಣ ಹಾಕಿಸಿತು. ಬೆಳಗಾದರೆ ಒಟ್ಟಾಗಿ ಬಯಲಿಗೆ ಬಂದು ಕೈಕಾಲು ಆಡಿಸುವ ಅಭ್ಯಾಸ ಅಲ್ಲಿನ ಹಿರಿಯರಿಗೆ ಮೊದಲೇ ಇತ್ತು, ಹಾಗಾಗಿ ಯಂತ್ರಗಳು ಖಾಲಿ ನಿಲ್ಲಲಿಲ್ಲ. ನಮ್ಮ ಪೇಟೆಯ ಪಾರ್ಕಿನಲ್ಲಿರುವುದೂ ಅದೇ ಮಾದರಿ. ಬಂದದ್ದು ಯಂತ್ರ ಮಾತ್ರ.

ಇಲ್ಲಿ ನನ್ನ ಬಿಎಸ್ಸಿ ಸ್ವಲ್ಪ ಉಪಯೋಗಕ್ಕೆ ಬಂತು. ಕಾಲಾಡಿಸುವ ಯಂತ್ರ, ಅಂದರೆ ಏರ್ ವಾಕರ್, ಹೆಚ್ಚುಕಡಿಮೆ ಒಂದು ಲೋಲಕ. ಒಂದು ಮೀಟರ್ ಉದ್ದದ ಲೋಲಕ ಹೋಗಿ ಬರಲು ಸುಮಾರು 2 ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದು ಲ್ಯಾಬಿನಲ್ಲಿ ಎಷ್ಟು ಸಲ ಬರೆದಿಲ್ಲ! ಒಮ್ಮೆ ತೂಗಲು ಶುರುವಾದರೆ ನಾವು ಕೊಡಬೇಕಾದದ್ದು ಘರ್ಷಣೆಯಲ್ಲಿ ಹೋದಷ್ಟು ಶಕ್ತಿ ಮಾತ್ರ. ಮಂಡಿ ಬಿಗಿದ ಅಜ್ಜಿಗೆ ಇದು ಹೇಳಿ ಮಾಡಿಸಿದ್ದು. ಹದಿನಾಲ್ಕರ ಹುಡುಗನಿಗೆ ಐದು ನಿಮಿಷದ ಉಯ್ಯಾಲೆ. ಹೆಚ್ಚಿನ ಯಂತ್ರಗಳಲ್ಲಿ ಭಾರ ಹೆಚ್ಚು ಕಡಿಮೆ ಮಾಡಲೂ ಬರುವುದಿಲ್ಲ, ಮೊದಲ ದಿನದ ಕಷ್ಟವೇ ನೂರನೇ ದಿನಕ್ಕೂ. ಅದೇ ಸಿಂಗಲ್ ಬಾರಿನಲ್ಲಿ ಮೊದಲ ದಿನ ಬರೀ ನೇತಾಡಬಹುದು, ತಿಂಗಳು ಕಳೆದು ಒಂದು ಪುಲ್ ಅಪ್, ವರ್ಷದ ಮೇಲೆ ಕಾಲು ಮೇಲೆ ಹಾಕಿ ಸುತ್ತು. ಇನ್ನೂರು ವರ್ಷದ ಹಳೆಯ ಸಾಧನವೇ ಬೆಳೆಯುವ ಮಕ್ಕಳ ಜೊತೆ ಬೆಳೆಯುತ್ತದೆ.

ಇನ್ನೊಂದು ಸಂಗತಿ ನಮ್ಮ ಪತ್ರವನ್ನು ಪೂರ್ತಿ ತಿರುಗಿಸಿತು. ಬಯಲಿನ ಇಂಥ ಉಪಕರಣಗಳಿಗೆ ಯೂರೋಪಿನಲ್ಲಿ 2015ರ ಇಎನ್ 16630 ಎಂಬ ಮಾನದಂಡ ಇದೆ. ಅದು ಇವುಗಳನ್ನು ಎಣಿಸಿರುವುದು 1.40 ಮೀಟರ್‌ಗಿಂತ ಎತ್ತರದವರಿಗೆ. ಅದನ್ನು ಓದಿದ ಮರುದಿನ ಹೆಡ್ ಮಾಸ್ಟರರ ಅನುಮತಿ ಕೇಳಿ, ಶಾಲೆಯ ಗೋಡೆಯ ಮೇಲೆ 1.40 ಮೀಟರಿಗೆ ಒಂದು ಚಾಕ್ ಗೆರೆ ಎಳೆದೆವು. ಐದನೇ ತರಗತಿಯ ಮಕ್ಕಳು ಸಾಲಾಗಿ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಒಬ್ಬೊಬ್ಬರದೇ ತಲೆ ಗೆರೆಯ ಕೆಳಗೆ ಉಳಿಯುತ್ತಾ ಹೋಯಿತು. ಕೆಲವರು ತುದಿಗಾಲಲ್ಲಿ ನಿಂತು ನೋಡಿದರು. ನಾನು ಅಂದವಾಗಿ ಟೈಪ್ ಮಾಡಿಸಿದ ಹನ್ನೆರಡು ಯಂತ್ರಗಳು ಇವರಲ್ಲಿ ಹೆಚ್ಚಿನವರಿಗೆ ಅಲ್ಲವೇ ಅಲ್ಲ.

ನಮ್ಮಂಥ ಸಣ್ಣ ಕನ್ನಡ ಶಾಲೆಗಳಲ್ಲಿ ಪಿ.ಟಿ. ಟೀಚರ್ ಇಲ್ಲ. ಮಕ್ಕಳು ಕಡಿಮೆ, ಹಾಗಾಗಿ ಹುದ್ದೆ ಇಲ್ಲ. ಪಿ.ಟಿ. ಪೀರಿಯಡ್ ಬಂದರೆ ಗಣಿತದ ಟೀಚರ್ ಒಳಗೆ ಬರುತ್ತಾರೆ. "ಅಲ್ಲಿ ಮೈದಾನ ಒಳ್ಳೆದುಂಟು" ಎಂದು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ಎರಡು ಮನೆಗಳು ನಮ್ಮ ವಾರ್ಡಿನಲ್ಲೇ ಇವೆ. ಹಾಗಾಗಿ ಮನವಿ ಬೇಡವೆಂದು ನಾವು ಬಿಟ್ಟುಬಿಡುವ ಹಾಗೂ ಇಲ್ಲ.

ಹೊಸ ಪತ್ರದಲ್ಲಿ ನಾಲ್ಕೇ ಬೇಡಿಕೆಗಳಿವೆ: ಎರಡು ಎತ್ತರಗಳಲ್ಲಿ ಸಿಂಗಲ್ ಬಾರ್, ಒಂದು ಡಬಲ್ ಬಾರ್, ಅಡ್ಡ ಏಣಿ, ಮರಳಿನ ಹೊಂಡ. ಕಬ್ಬಿಣಕ್ಕೆ ಗ್ಯಾಲ್ವನೈಸ್ ಮಾಡಿಸಬೇಕು ಎಂದು ಬರೆದಿದ್ದೇವೆ. ಪತ್ರದ ಜೊತೆಗೆ ಒಂದು ಪಟ್ಟಿ ಲಗತ್ತಿಸಿದ್ದೇವೆ, ಯಂತ್ರಗಳದ್ದಲ್ಲ, ಹೆಸರುಗಳದ್ದು: ಪ್ರತಿ ಶನಿವಾರ ಸಂಜೆ 4ರಿಂದ 5:30ರ ತನಕ ಮೈದಾನದಲ್ಲಿ ಇರುವ ನಮ್ಮ ಸಂಘದವರು, ವಾರಕ್ಕೆ ಮೂವರಂತೆ, ಅದರಲ್ಲಿ ಒಬ್ಬರಾದರೂ ಹುಡುಗಿ. ಮಕ್ಕಳು ಯಾವ ಮನೆಯವರು, ಯಾವ ಧರ್ಮದವರು ಎಂದು ಯಾರೂ ಕೇಳುವ ಹಾಗಿಲ್ಲ ಎಂದೂ ಸಭೆಯಲ್ಲಿ ಬರೆದುಕೊಂಡಿದ್ದೇವೆ. ಬಾರುಗಳು ಬರುವವರೆಗೆ ಕಾಯುವುದಿಲ್ಲ. ಮುಂದಿನ ಶನಿವಾರದಿಂದಲೇ ಓಟ, ಹಗ್ಗ ಜಗ್ಗಾಟ, ಲಗೋರಿ ಶುರು.

ತಂಗಿಯ ಹೆಸರು ಮೊದಲ ವಾರದಲ್ಲೇ ಇದೆ. ಎರಡನೇ ಮತ್ತು ಐದನೇ ವಾರಕ್ಕೆ ಇನ್ನೂ ಜನ ಬೇಕು. ಜೂನ್ ಮಳೆಗೆ ಮರಳಿನ ಹೊಂಡದಲ್ಲಿ ನೀರು ನಿಲ್ಲದಂತೆ ಅಡಿಗೆ ಏನು ಹಾಕಬೇಕು ಎಂಬುದೂ ಬಗೆಹರಿದಿಲ್ಲ. ಕೆಂಪುಕಲ್ಲಿನ ಕೆಲಸ ಗೊತ್ತಿದ್ದವರು ಭಾನುವಾರ ಪೂಜೆ ಮುಗಿದ ಮೇಲೆ ಹಾಲಿನ ಹತ್ತಿರ ಸಿಗಿ.